ಸುಣ್ಣವಿಲ್ಲದ ನೀರಿಗೆ ಮೈಲುತುತ್ತದ ಔಷಧಿ

ಎರಡು ವರ್ಷದ ಹಿಂದೆ, ಜುಲೈ ತಿಂಗಳಲ್ಲಿ, ನನ್ನ ಮೀನಿನ ಟ್ಯಾಂಕಿನ ಆರು ಜೀಬ್ರಾ ಲೋಚ್‌ಗಳಲ್ಲಿ ನಾಲ್ಕು ಒಂದೇ ರಾತ್ರಿಯಲ್ಲಿ ಸತ್ತವು. ರೋಗದಿಂದಲ್ಲ, ನಾನು ಹಾಕಿದ ಔಷಧಿಯಿಂದ. ಅದೇ ನೀರಿನಲ್ಲಿದ್ದ ಎಂಟು ಚೆರ್ರಿ ಬಾರ್ಬ್‌ಗಳಿಗೆ ಕೂದಲೂ ಕೊಂಕಲಿಲ್ಲ. ಬೆಳಿಗ್ಗೆ ದೀಪ ಹಾಕಿದರೆ ಎಂದಿನಂತೆ ತಿಂಡಿಗೆ ಮೇಲೆ ಬಂದು ನಿಂತಿದ್ದವು.

ನಮ್ಮದು ಶಿರಸಿ ಹತ್ತಿರದ ಅಡಿಕೆ ತೋಟದ ಮನೆ. ಜಡಿಮಳೆ ಹಿಡಿಯಿತೆಂದರೆ ಟ್ಯಾಂಕಿನ ನೀರು 21–22 ಡಿಗ್ರಿಗೆ ಇಳಿಯುತ್ತದೆ. ಥಂಡಿಗೆ ಮೀನು ಸೋತಾಗ ವೈಟ್ ಸ್ಪಾಟ್, ಅಂದರೆ ಪರಾವಲಂಬಿಯೊಂದು ತರುವ ಬಿಳಿಚುಕ್ಕೆ ರೋಗ, ಕಾಣಿಸಿಕೊಳ್ಳುತ್ತದೆ. ಆ ಸಲವೂ ಲೋಚ್‌ಗಳ ಮೈಮೇಲೆ ಸಣ್ಣ ರವೆ ಉದುರಿಸಿದ ಹಾಗೆ ಚುಕ್ಕೆ ಬಿತ್ತು. ಅಂಗಡಿಯವನಿಗೆ ಫೋನ್ ಮಾಡಿದೆ. ತಾಮ್ರದ ಔಷಧಿಯೊಂದರ ಹೆಸರು ಹೇಳಿ, ‘ಎರಡು ಅಡಿ ಟ್ಯಾಂಕ್ ಅಂದ್ರೆ 60 ಲೀಟರ್, ಲೆಕ್ಕ ಹಿಡಿದು ಹಾಕಿ’ ಅಂದ. ಹಾಕಿದೆ. ಒಂದು ಗಂಟೆಯೊಳಗೆ ಲೋಚ್‌ಗಳು ತಳ ಬಿಟ್ಟು ಮೇಲೆ ಬಂದವು, ಕಿವಿರು ಪಟಪಟ ಬಡಿಯುತ್ತಿತ್ತು. ಔಷಧಿ ಕೆಲಸ ಮಾಡುತ್ತಿದೆ ಅಂದುಕೊಂಡು ಮಲಗಿದ್ದು ನನ್ನ ದಡ್ಡತನ. ಆಗಲೇ ಅರ್ಧ ನೀರು ಬದಲಿಸಿ, ಫಿಲ್ಟರಿಗೆ ಆಕ್ಟಿವೇಟೆಡ್ ಕಾರ್ಬನ್ ಹಾಕಿದ್ದರೆ ಎರಡಾದರೂ ಹೆಚ್ಚಿಗೆ ಉಳಿಯುತ್ತಿದ್ದವೇನೋ. ಬಸವನಹುಳಗಳಂತೂ ಒಂದೂ ಉಳಿಯಲಿಲ್ಲ. ತಾಮ್ರ ಬಸವನಹುಳಕ್ಕೂ ಸಿಗಡಿಗೂ ನೇರ ವಿಷ ಎಂದು ನನಗೆ ಗೊತ್ತಾಗಿದ್ದು ಮೂರನೇ ದಿನ, ಟ್ಯಾಂಕ್ ನಾರತೊಡಗಿದ ಮೇಲೆ.

ಬಾಟಲಿ ಓದಿ ಮೊದಲು ವಿಷಯ ಹಿಡಿದವರು ಅಪ್ಪಯ್ಯ. ‘ತಮಾ, ಇದು ಕೊಳೆಗೆ ಹೊಡಿಯ ಮೈಲುತುತ್ತನೇ ಅಲ್ದನಾ? ಸುಣ್ಣ ಎಷ್ಟು ಹಾಕಿದ್ದೆ?’

ನಗು ಬಂತು, ಆಮೇಲೆ ನಿಂತಿತು. ಅಡಿಕೆಯ ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣ ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟು), ಒಂದು ಕಿಲೋ ಸುಣ್ಣ. ಔಷಧಿ ಹೊಡೆಯುವ ಕೊನೆಗೌಡ ಮರ ಹತ್ತುವ ಮೊದಲು ಅಪ್ಪಯ್ಯ ಹೊಳೆಯುವ ಚಾಕುವೊಂದನ್ನು ಡ್ರಮ್ಮಿನೊಳಗೆ ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪು ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣ ಸಾಲದು ಎಂದರ್ಥ. ಹಾಗೇ ಹೊಡೆದರೆ ಅಡಿಕೆ ಗೊನೆ ಸುಡುತ್ತದೆ. ಚಿಕ್ಕಂದಿನಿಂದ ಕಂಡ ಕೆಲಸ ಇದು. ಟ್ಯಾಂಕಿಗೂ ಅನ್ವಯಿಸುತ್ತದೆ ಎಂದು ಮಾತ್ರ ಹೊಳೆದಿರಲಿಲ್ಲ. ನೀರಿನಲ್ಲಿ ಕರಗಿದ ಕಾರ್ಬೊನೇಟು ತಾಮ್ರವನ್ನು ಕಟ್ಟಿಹಾಕುತ್ತದೆ, ಕ್ಯಾಲ್ಸಿಯಂ ಅದು ಕಿವಿರಿಗೆ ಅಂಟದಂತೆ ತಡೆಯುತ್ತದೆ. ಸುಣ್ಣದಂಶ ಹೆಚ್ಚಿರುವ ಗಡಸು ನೀರಿನ ಊರಲ್ಲಿ ಮೀನು ತಾಳಿಕೊಳ್ಳುವ ಡೋಸು ಮೆದು ನೀರಿನಲ್ಲಿ ಕೊಲ್ಲಬಹುದು. ನಮ್ಮದು ಜಂಬಿಟ್ಟಿಗೆ ನೆಲದ ಬಾವಿ, ನೀರು ಮೆದು. ಸ್ನಾನದ ಸೋಪಿನ ನೊರೆ ಎಷ್ಟು ತೊಳೆದರೂ ಹೋಗುವುದಿಲ್ಲ, ಹಂಡೆಯೊಳಗೆ ಬಿಳಿ ಪದರ ಕಟ್ಟಿದ್ದನ್ನು ನಾನಂತೂ ಕಂಡಿಲ್ಲ. ಟೆಸ್ಟ್ ಕಿಟ್ ತರಿಸಿ ನೋಡಿದರೆ ಗಡಸುತನ ಎರಡೇ ಡಿಗ್ರಿ (ಇದು ಗಡಸುತನದ ಅಳತೆ, ಬಿಸಿಯದ್ದಲ್ಲ), ಅಂದರೆ ತೀರಾ ಮೆದು. (ಹಾಗಂತ ಟ್ಯಾಂಕಿಗೆ ಸುಣ್ಣ ಸುರಿಯಲು ಹೋಗಬೇಡಿ. ಪಿಎಚ್ ಒಮ್ಮೆಲೇ ಏರಿ ಉಳಿದವೂ ಸಾಯುತ್ತವೆ.)

ಲೀಟರಿನ ಲೆಕ್ಕವೂ ತಪ್ಪಿತ್ತು. ಗಾಜಿನ ಒಳಗಿನ ಅಳತೆ 59 ಸೆಂ.ಮೀ. ಉದ್ದ, 29 ಅಗಲ, ನೀರು ನಿಲ್ಲುವುದು 27ರವರೆಗೆ. ಗುಣಿಸಿ ಸಾವಿರದಿಂದ ಭಾಗಿಸಿದರೆ 46 ಲೀಟರ್. ಮರಳು, ಕಟ್ಟಿಗೆ ಕಳೆದರೆ ಉಳಿದದ್ದು 42. ಅಂದರೆ 60ರ ಡೋಸನ್ನು 42ಕ್ಕೆ ಹಾಕಿದ್ದೆ. ಮುಚ್ಚಳದಲ್ಲಿ ಅಂದಾಜಿಗೆ ಸುರಿದದ್ದು ಬೇರೆ. ಈಗ ಒಂದು ಎಂ.ಎಲ್. ಸಿರಿಂಜ್ ಬಿಟ್ಟು ಬೇರೆ ಯಾವುದರಲ್ಲೂ ಅಳೆಯುವುದಿಲ್ಲ.

ಜೀಬ್ರಾ ಲೋಚ್ ನಮ್ಮದೇ ಸೀಮೆಯ ಮೀನು. 1920ರಲ್ಲಿ ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ ಅವರು ಇದನ್ನು ಹೊಸ ಜಾತಿಯೆಂದು ಗುರುತಿಸಿದ್ದು ತುಂಗಾ ನದಿಯ ಮೀನನ್ನು ನೋಡಿ. ಮೈಮೇಲೆ ಕಣ್ಣಿಗೆ ಬೀಳುವ ಹುರುಪೆ ಇಲ್ಲ. ಲೋಚ್, ಕೋರಿಡೋರಾಸ್, ಬೆಕ್ಕುಮೀನು, ನಿಯಾನ್ ಟೆಟ್ರಾ, ಇವಕ್ಕೆಲ್ಲ ಔಷಧಿ ಬೇಗ ನಾಟುತ್ತದೆ ಎಂಬುದು ಹವ್ಯಾಸಿಗಳಲ್ಲಿ ಹಳೆಯ ಮಾತು.

ಹೋದ ವರ್ಷ ರೋಗ ಮತ್ತೆ ಬಂತು. ತಪ್ಪು ಆಗಲೂ ನನ್ನದೇ. ಹೊಸದಾಗಿ ತಂದ ಮೂರು ಲೋಚ್‌ಗಳನ್ನು ಬೇರೆ ಇಡದೆ ನೇರ ಟ್ಯಾಂಕಿಗೆ ಬಿಟ್ಟಿದ್ದೆ. ಈ ಸಲ ತಾಮ್ರ ಮುಟ್ಟಲಿಲ್ಲ. ಎಲ್ಲ ಮೀನನ್ನೂ ಎರಡು ಪ್ಲಾಸ್ಟಿಕ್ ಟಬ್ಬಿಗೆ ವರ್ಗಾಯಿಸಿದೆ. ಲೋಚ್‌ಗಳ ಟಬ್ಬಿಗೆ 20 ಲೀಟರ್ ನೀರು, ಒಂದು ಏರ್ ಪಂಪ್, ಒಂದು ಹೀಟರ್, ಅಡಗಿಕೊಳ್ಳಲು ಪಿವಿಸಿ ಪೈಪಿನ ತುಂಡು. ಮರಳಿಲ್ಲ. (ತೋಟದ ಔಷಧಿ ಕಲಸಿದ ಬಕೆಟ್ ಎಷ್ಟು ತೊಳೆದರೂ ಈ ಕೆಲಸಕ್ಕೆ ಬೇಡ.)

ಚುಕ್ಕೆಯೊಳಗಿನ ಜೀವಿಗೆ ಯಾವ ಔಷಧಿಯೂ ತಾಗುವುದಿಲ್ಲ. ಅದು ಮೀನಿನಿಂದ ಕಳಚಿ, ತಳಕ್ಕೆ ಬಿದ್ದು ಒಡೆದು, ನೂರಾರು ಮರಿಗಳಾಗಿ ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತದೆ. ನೀರು ತಣ್ಣಗಿದ್ದಷ್ಟೂ ಈ ಸುತ್ತು ನಿಧಾನ. ಅದಕ್ಕೇ ದಿನಕ್ಕೆ ಎರಡು ಡಿಗ್ರಿಯಂತೆ ಏರಿಸಿ 30ಕ್ಕೆ ನಿಲ್ಲಿಸಿದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ, ಏರ್ ಪಂಪ್ ನಿಲ್ಲುವಂತಿಲ್ಲ. ನಮ್ಮಲ್ಲಿ ಮಳೆಗಾಲದ ಕರೆಂಟು ಗೊತ್ತಲ್ಲ. ಬ್ಯಾಟರಿ ಪಂಪ್ ಒಂದನ್ನು ತಯಾರಿಟ್ಟುಕೊಂಡು, ಟಬ್ಬಿನ ಸುತ್ತ ಥರ್ಮೋಕೋಲ್ ಕಟ್ಟಿ, ಮೇಲೆ ಹಳೆ ಕಂಬಳಿ ಹೊದೆಸಿದೆ. ಆಯಿ ನೋಡಿ, ಬಾಣಂತಿ ಆರೈಕೆ ನಡೆದಿದೆ ಅಂದಳು.

ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣದ ರಾಸಾಯನಿಕ ಇರುವ ಔಷಧಿಯನ್ನು ಬಾಟಲಿಯಲ್ಲಿ ಹೇಳಿದ್ದರ ಅರ್ಧ ಪ್ರಮಾಣದಲ್ಲಿ, ದಿನ ಬಿಟ್ಟು ದಿನ ಹಾಕಿದೆ. ಪ್ರತಿ ಸಲ ಮೊದಲು ತಳವನ್ನು ಪೈಪಿನಿಂದ ಹೀರಿ ಮೂರನೇ ಒಂದು ಭಾಗ ನೀರು ತೆಗೆದು, ಅಷ್ಟೇ ಬೆಚ್ಚಗಿನ ಹೊಸ ನೀರು ತುಂಬಿ, ಆಮೇಲೆ ಔಷಧಿ. ಹಾಕಿದ ಮೊದಲ ಎರಡು ಗಂಟೆ ಕುರ್ಚಿ ಹಾಕಿಕೊಂಡು ಕೂತೆ. ಕಿವಿರು ಜೋರಾದರೆ ಸುರಿಯಲು ಒಂದು ಬಕೆಟ್ ಒಳ್ಳೆಯ ನೀರು ಪಕ್ಕದಲ್ಲೇ ಇತ್ತು. ಜತೆಗೆ ಸಾಣಿಕಟ್ಟೆಯ ಹರಳುಪ್ಪು, ಲೀಟರಿಗೆ ಒಂದು ಗ್ರಾಂ, ಬೇರೆ ನೀರಿನಲ್ಲಿ ಕರಗಿಸಿ ಎರಡು ಕಂತಿನಲ್ಲಿ. ಏಲಕ್ಕಿ ತೂಗುವ ತಕ್ಕಡಿ ಉಪಯೋಗಕ್ಕೆ ಬಂತು. ಕೆಲವರು ಮೂರು ಗ್ರಾಂ ಹಾಕುತ್ತಾರೆ, ಲೋಚ್‌ಗೆ ನನಗೆ ಧೈರ್ಯ ಸಾಲಲಿಲ್ಲ. ಬಾರ್ಬ್‌ಗಳ ಟಬ್ಬಿಗೆ ಪೂರ್ತಿ ಡೋಸು, ಅವು ಕ್ಯಾರೇ ಅನ್ನಲಿಲ್ಲ.

ಈ ಮ್ಯಾಲಕೈಟ್ ಗ್ರೀನ್ ಕೈಗವಸು ಇಲ್ಲದೆ ಮುಟ್ಟುವ ವಸ್ತುವಲ್ಲ, ತಿನ್ನುವ ಮೀನಿಗಂತೂ ಬಳಸಲೇಬಾರದು. ತೆಗೆದ ನೀರನ್ನು ಬಾವಿ, ಹಳ್ಳದ ಕಡೆ ಹೋಗದಂತೆ ದೂರದ ಗುಂಡಿಗೆ ಸುರಿದೆ.

ಆರನೇ ದಿನ ಕೊನೆಯ ಚುಕ್ಕೆ ಹೋಯಿತು. ನಿಲ್ಲಿಸುವ ಆಸೆ ಬರುವುದು ಆಗಲೇ. ಇನ್ನೂ ಒಂದು ವಾರ ಎಳೆದೆ, ಯಾಕೆಂದರೆ ತಳದಲ್ಲಿ ಉಳಿದದ್ದು ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಟ್ಯಾಂಕಿಗೆ ಔಷಧಿಯ ಹನಿಯನ್ನೂ ಹಾಕಲಿಲ್ಲ. ಮೀನಿಲ್ಲದ ನೀರಿನಲ್ಲಿ ಈ ಪರಾವಲಂಬಿ ತಾನೇ ಸಾಯುತ್ತದೆ. ಥಂಡಿ ಇದ್ದುದರಿಂದ ಒಂದು ತಿಂಗಳು ಖಾಲಿ ಬಿಟ್ಟೆ. ಆಗಾಗ ಒಂದು ಚಿಟಿಕೆ ತಿಂಡಿ ಹಾಕುತ್ತಿದ್ದೆ, ಫಿಲ್ಟರಿನ ಬ್ಯಾಕ್ಟೀರಿಯಾ ಉಪವಾಸ ಬೀಳಬಾರದಲ್ಲ. ಅಲ್ಲಿಯವರೆಗೆ ಮೀನುಗಳು ಟಬ್ಬಿನಲ್ಲೇ, ಶುದ್ಧ ನೀರಿನಲ್ಲಿ.

ಐದು ಲೋಚ್‌ಗಳೂ ಉಳಿದವು. ಬಸವನಹುಳ ಮಾತ್ರ ಮತ್ತೆ ಬಿಟ್ಟಿಲ್ಲ. ಮೊದಲ ಸಲದ ತಾಮ್ರ ಆ ಮರಳಿನಲ್ಲಿ ಇನ್ನೂ ಕೂತಿರಬಹುದೆಂಬ ಅನುಮಾನ. ಮರಳು ಬದಲಿಸುವ ಕೆಲಸ ಈ ಬೇಸಿಗೆಗೆ ಇದೆ.