ತುಂಗಭದ್ರೆಯ ಹಳೇ ನಕಾಶೆಯನ್ನು ಇಂದಿನ ನೆಲಕ್ಕೆ ಕೂರಿಸುವುದು ಹೇಗೆ?

ಹೊಸಪೇಟೆ, ಕಂಪ್ಲಿ ಮದ್ರಾಸ್ ಪ್ರಾಂತ್ಯಕ್ಕೆ, ಎದುರು ದಂಡೆಯ ಕೊಪ್ಪಳ, ಗಂಗಾವತಿ ನಿಜಾಮರಿಗೆ ಸೇರಿದ್ದ ಕಾಲದಲ್ಲಿ ಹೊಳೆಯೇ ಗಡಿ. 1953ರಲ್ಲಿ ಡ್ಯಾಮಿನಲ್ಲಿ ನೀರು ನಿಲ್ಲುವ ಮೊದಲಿನ ಊರು, ದಾರಿ ನೋಡಬೇಕೆಂದರೆ ಸರ್ವೆ ಆಫ್ ಇಂಡಿಯಾದ ಒಂದಿಂಚು ಶೀಟುಗಳೇ (ನೆಲದ ಒಂದು ಮೈಲಿಗೆ ಕಾಗದದಲ್ಲಿ ಒಂದು ಇಂಚು) ಗತಿ.

ಮೊದಲು ಶೀಟು. ಡ್ಯಾಮು, ಹಂಪಿ ಎರಡೂ 57 ಎ/7ರಲ್ಲಿವೆ. ಕೊಪ್ಪಳ ಪಟ್ಟಣಕ್ಕೆ 57 ಎ/3, ಕಂಪ್ಲಿಗೆ 57 ಎ/11.

ಸ್ಕ್ಯಾನು 300 ಡಿಪಿಐ ಸಾಕು. ನಕಾಶೆಯ ಎತ್ತರವೇ 17 ಇಂಚು ದಾಟುವುದರಿಂದ ಎ3 ಯಂತ್ರದಲ್ಲಿ ಹಿಡಿಸದು. ಎರಡು ತುಂಡು ಮಾಡಿ ಅಂಟಿಸುವ ಗೋಜು ಬೇಡ, ದೊಡ್ಡ ಸ್ಕ್ಯಾನರ್ ಇರುವಲ್ಲಿ ಒಂದೇ ಸಲಕ್ಕೆ ಮಾಡಿಸಿ. ಮೊಬೈಲ್ ಫೋಟೊ ಅಂತೂ ಬೇಡವೇ ಬೇಡ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಸ್ಕ್ಯಾನನ್ನು ನೆಲಕ್ಕೆ ಕೂರಿಸುವುದು ಕ್ಯೂಜಿಐಎಸ್ ಎಂಬ ನಕಾಶೆ ತಂತ್ರಾಂಶದ ಜಿಯೋರೆಫರೆನ್ಸರ್‌ನಲ್ಲಿ; ಚಿತ್ರದ ಒಂದೊಂದು ಜಾಗಕ್ಕೆ ಬಿಂದು ಇಟ್ಟು ಅದರ ಅಕ್ಷಾಂಶ, ರೇಖಾಂಶ ಕೊಡಬೇಕು. ಹಲವರು ಹೊಳೆಯ ತಿರುವು, ಮರಳದಿಬ್ಬ ನೋಡಿ ಬಿಂದು ಇಡುತ್ತಾರೆ. ಹೊಳೆ ನಿಂತಲ್ಲಿ ನಿಲ್ಲುವುದಿಲ್ಲ. ನಕಾಶೆಯಲ್ಲಿ 5 ನಿಮಿಷಕ್ಕೊಂದರಂತೆ ಅಕ್ಷಾಂಶ, ರೇಖಾಂಶ ಕೂಡುವ 16 ಜಾಗಗಳಿವೆ. ಹದಿನಾರಕ್ಕೂ ಬಿಂದು ಇಡಿ. ಕಾಗದ ಎಲ್ಲ ಕಡೆ ಒಂದೇ ಸಮ ಕುಗ್ಗಿರುವುದಿಲ್ಲ, ನಾಲ್ಕು ಮೂಲೆ ಸಾಲದು. 15 ಡಿಗ್ರಿ 20 ನಿಮಿಷವನ್ನು 15.20 ಎಂದು ಟೈಪಿಸಿದರೆ ಹಂಪಿ ಸುಮಾರು 15 ಕಿ.ಮೀ. ತೆಂಕಣಕ್ಕೆ ಹೋಯಿತು, ಅದು 15.3333.

ನಿರ್ದೇಶಾಂಕ ಪದ್ಧತಿಗೆ, ಅಂದರೆ ಅಕ್ಷಾಂಶ, ರೇಖಾಂಶಗಳನ್ನು ಯಾವ ಲೆಕ್ಕದಲ್ಲಿ ಅಳೆದದ್ದು ಎಂಬುದಕ್ಕೆ, ಭಾರತದ ಹಳೇ ನಕಾಶೆಗಳ ಕಲ್ಯಾಣಪುರ 1975 (ಕೋಡ್ 4146) ಆರಿಸಿ. ಜಿಪಿಎಸ್‌ನ ಡಬ್ಲ್ಯುಜಿಎಸ್ 84 ಹಾಕಿದರೆ ಈ ಭಾಗದಲ್ಲಿ ನೂರು ಮೀಟರಿಗೂ ಹೆಚ್ಚು ಸರಿಯುತ್ತದೆ. 1905ಕ್ಕೂ ಹಿಂದಿನ ಶೀಟಾದರೆ ಅಂಚಿನ ಟಿಪ್ಪಣಿ ಓದಿ: ರೇಖಾಂಶಗಳಿಗೆ ಆಧಾರವಾದ ಮದ್ರಾಸ್ ವೀಕ್ಷಣಾಲಯದ ರೇಖಾಂಶವನ್ನೇ ಆಗ ನಿಜಕ್ಕಿಂತ ಹೆಚ್ಚು ಎಂದು ಹಿಡಿದಿದ್ದರು. ಶೀಟಿನ ರೇಖಾಂಶದಿಂದ 2 ನಿಮಿಷ 27 ಸೆಕೆಂಡು ಕಳೆಯದಿದ್ದರೆ ಊರಿಗೆ ಊರೇ 4 ಕಿ.ಮೀ.ಗೂ ಹೆಚ್ಚು ಮೂಡಣಕ್ಕೆ.

ಬಿಂದುಗಳಿಗೆ ತಕ್ಕಂತೆ ಚಿತ್ರವನ್ನು ಹೊಂದಿಸುವ ವಿಧಾನಗಳಲ್ಲಿ ಪಾಲಿನೋಮಿಯಲ್ 1 ಸಾಕು. ಇನ್ನೊಂದು ವಿಧಾನವಾದ ಥಿನ್ ಪ್ಲೇಟ್ ಸ್ಪ್ಲೈನ್ ಚಿತ್ರವನ್ನು ಎಳೆದು ಪ್ರತಿ ಬಿಂದುವಿಗೂ ಕೂರಿಸಿ ತಪ್ಪನ್ನು ಸೊನ್ನೆ ತೋರಿಸುತ್ತದೆ, ಅಂದರೆ ಮುಚ್ಚಿಡುತ್ತದೆ. ಒಂದು ಪಿಕ್ಸೆಲ್ ನೆಲದ ಮೇಲೆ 5.4 ಮೀಟರು, ಸರಾಸರಿ ತಪ್ಪು 5 ಪಿಕ್ಸೆಲ್ ದಾಟಿದರೆ ಬಿಂದುಗಳನ್ನು ಮತ್ತೆ ನೋಡಿ. ಕೊನೆಗೆ ವಿರೂಪಾಕ್ಷ ಗೋಪುರ ಉಪಗ್ರಹ ಚಿತ್ರದ ಗೋಪುರದ ಮೇಲೆ ಕೂತಿದೆಯೇ ಎಂದು ತಾಳೆ ಹಾಕಿ.

ಹೊಳೆ ನಡುವಿನ ಗಡ್ಡೆಯ ಹೊಲ ಯಾರದೆಂಬ ತಕರಾರಿಗೆ ಮಾತ್ರ ಇದನ್ನು ಒಯ್ಯಬೇಡಿ. ನಕಾಶೆಯ ಅರ್ಧ ಮಿ.ಮೀ. ಗೆರೆ ನೆಲದಲ್ಲಿ 32 ಮೀಟರು ಅಗಲ. ಅದಕ್ಕೆ ಗ್ರಾಮ ನಕಾಶೆ, ಸರ್ವೆ ಟಿಪ್ಪಣಿ ತೆಗೆಸಬೇಕು.