ಆಯಿಯ ಸೀರೆ ಬಾಂಡೆಯವರಿಗೆ ಹಾಕಬೇಡಿ, ಕೌದಿ ಹೊಲಿಯಿರಿ

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಬಳಗದವರ ಮನೆಗೆ ಹೋಗಿದ್ದೆ. ಆ ಮನೆಯ ಹಿರಿಯ ಜೀವ ಹೋಗಿ ವರ್ಷವಾಗಿತ್ತು. ಸೊಸೆ ಒಂದು ಹೊದಿಕೆ ತಂದು ತೋರಿಸಿದಳು. ಅತ್ತೆಯ ಸೀರೆ ಕತ್ತರಿಸಿ, ನಡುವೆ ಫೈಬರ್ ತುಂಬಿಸಿ, ಮಷೀನಿನಲ್ಲಿ ಹೊಲಿಸಿದ್ದಂತೆ. ಎರಡೇ ಸಲ ವಾಷಿಂಗ್ ಮಷೀನಿಗೆ ಹಾಕಿದ್ದಾರೆ, ಒಳಗಿನದೆಲ್ಲ ಉಂಡಿ ಕಟ್ಟಿದೆ. ಸೆರಗಿನ ಕೆಂಪು ಬಣ್ಣ ಇಡೀ ಹೊದಿಕೆಗೆ ಹತ್ತಿದೆ. ಮಿಕ್ಕ ಸೀರೆಗಳನ್ನು ಬಾಂಡೆ ಮಾರುವವಳಿಗೆ ಹಾಕಿ ಒಂದು ಸ್ಟೀಲ್ ಬುಟ್ಟಿ ತಗೊಂಡಿದ್ದಾರೆ. ನಾನು ಚಹಾ ಕುಡಿದು ಸುಮ್ನೆ ಎದ್ದು ಬಂದೆ. ಆದರೆ ಹೇಳದಿದ್ದರೆ ನನ್ನ ಹೊಟ್ಟೆ ಉಬ್ಬುತ್ತದೆ.

ನಮ್ಮ ಅಜ್ಜಿಗೆ ನಾವು ಆಯಿ ಅಂತಿದ್ದೆವು. ಊರು ಗದಗ ಜಿಲ್ಲೆಯ ಡಂಬಳ. ಹದಿನೆಂಟು ಜನರ ಮನೆ, ಕೀಲಿಕೈ ಗೊಂಚಲು ಆಕೆಯ ಸೊಂಟದಲ್ಲಿ. ಓದು ಬರಹ ಇಲ್ಲ. ಎಷ್ಟು ಅಂಡಿಗೆ ಹತ್ತಿ ಗದಗ ಪೇಟೆಗೆ ಹೋಯಿತು ಅನ್ನುವುದನ್ನು ಅಡುಗೆಮನೆ ಗೋಡೆಗೆ ಇದ್ದಿಲಿನಲ್ಲಿ ಗೀಟು ಎಳೆದು ಇಡುತ್ತಿದ್ದಳು. ಅಜ್ಜನ ಖಾತೆ ಪುಸ್ತಕ ತಪ್ಪಿದ್ದುಂಟು, ಆ ಗೋಡೆ ತಪ್ಪಿದ್ದಿಲ್ಲ. ದೀಪಾವಳಿಗೆ ಸುಣ್ಣ ಹಚ್ಚುವಾಗ ಅದೊಂದು ಗೋಡೆ ಬಿಡಬೇಕು, ಮುಟ್ಟಿದರೆ ಬೈಗುಳ. ಬೇಸಿಗೆಯಲ್ಲಿ ಹೊಲದ ಕೆಲಸ ಮುಗಿದ ಮೇಲೆ ಪಡಸಾಲೆ ತುಂಬ ಹಳೇ ಸೀರೆ ಹಾಸಿ ಕೌದಿಗೆ ಕೂಡುತ್ತಿದ್ದಳು. ಮನೆಯ ಯಾವ ಮಗುವೂ ಆಕೆಯ ಕೌದಿ ಹೊದೆಯದೆ ದೊಡ್ಡದಾಗಿಲ್ಲ.

ಈಗ ಬಟ್ಟೆಯ ಮಾತು. ಹತ್ತಿ ಸೀರೆ ಮಾತ್ರ. ಪಾಲಿಯೆಸ್ಟರ್ ತಂದರೆ ನನ್ನ ಹತ್ತಿರ ಬರಬೇಡಿ. ಗಜೇಂದ್ರಗಡದ ಕಡೆಯ ಪಟ್ಟೇದಂಚು ಸೀರೆ ಪೆಟ್ಟಿಗೆಯಲ್ಲಿ ಸಿಕ್ಕರೆ ನಿಮ್ಮ ಪುಣ್ಯ, ಅದಕ್ಕೆ ಒಳಮೈ ಹೊರಮೈ ಎರಡೂ ಒಂದೇ. ಇಳಕಲ್ ಸೀರೆಯಾದರೆ ಸೆರಗು ಬೇರೆ ಮಾಡಿ. ಮೈ ಹತ್ತಿ, ಸೆರಗು ರೇಷ್ಮೆ, ಎರಡರ ಎಳೆಗಳನ್ನೂ ತೋಪು ತೆಣಿ ಅನ್ನುವ ಕುಣಿಕೆ ಹಾಕಿ ಕೂಡಿಸಿರುತ್ತಾರೆ. ನೀರಿಗೆ ಬಿದ್ದರೆ ಒಂದು ಕುಗ್ಗುತ್ತದೆ, ಇನ್ನೊಂದು ಅಷ್ಟು ಕುಗ್ಗುವುದಿಲ್ಲ. ಸೆರಗಿನಲ್ಲಿ ಕಸೂತಿ ಇದ್ದರಂತೂ ಕತ್ತರಿ ಅದರ ಹತ್ತಿರ ಸುಳಿಯಬಾರದು. ಆಯಿಯ ಒಂದು ಸೆರಗಿನಲ್ಲಿ ಗವಂತಿ ಹೊಲಿಗೆಯ ಗೋಪುರ ಇದೆ. ತಿರುಗಿಸಿ ನೋಡಿದರೂ ಒಂದು ಗಂಟು ಕಾಣುವುದಿಲ್ಲ. ಅದನ್ನು ಪಂಚೆಯಲ್ಲಿ ಸುತ್ತಿ ಇಟ್ಟಿದ್ದೇನೆ, ಆಗಾಗ ಮಡಿಕೆ ಬದಲಿಸುತ್ತೇನೆ.

ಸೀರೆಗಳನ್ನು ಒಗೆದು, ಗಂಜಿಯೆಲ್ಲ ಬಿಡಿಸಿ, ಚೆನ್ನಾಗಿ ಒಣಗಿಸಿ. ಬಣ್ಣ ಬಿಡುತ್ತದೋ ಇಲ್ಲವೋ ಅಂತ ಒದ್ದೆ ಮೂಲೆಯನ್ನು ಬಿಳಿ ಬಟ್ಟೆಗೆ ಒತ್ತಿ ನೋಡಿದರೆ ತಿಳಿಯುತ್ತದೆ. ಆಮೇಲೆ ಹರಿಯಿರಿ. ಕತ್ತರಿಸಬೇಡಿ, ಹರಿಯಿರಿ. ಎಳೆಯ ಗುಂಟ ನೆಟ್ಟಗೆ ಹರಿಯುತ್ತದೆ. ಸವೆದ ತುಂಡು ಒಳಗೆ, ಗಟ್ಟಿ ತುಂಡು ಮೇಲೆ ಕೆಳಗೆ. ಎಷ್ಟು ಪದರ ಅಂತ ಕೇಳಬೇಡಿ. ಎರಡು ಬೆರಳಲ್ಲಿ ಹಿಡಿದರೆ ಒಳ್ಳೇ ಹೂರಣ ತುಂಬಿದ ಹೋಳಿಗೆಯಷ್ಟು ದಪ್ಪ ಸಿಗಬೇಕು, ಅಷ್ಟೇ.

ಇನ್ನು ಎಲ್ಲರೂ ಕೆಡಿಸುವ ಜಾಗ. ಕೌದಿ ಹೊಲಿಯುವುದು ಅಂಚಿನಿಂದ ಒಳಗೆ, ಸುತ್ತು ಸುತ್ತಾಗಿ. ಹಾಗೆ ಬರುವಾಗ ಸಡಿಲ ಬಟ್ಟೆಯೆಲ್ಲ ಒಳಗೆ ಸರಿಯುತ್ತಾ ಬಂದು ನಟ್ಟನಡುವೆ ಗುಡ್ಡ ಕಟ್ಟುತ್ತದೆ. ಆಮೇಲೆ ಮಲಗಿದವರ ಬೆನ್ನಿಗೆ ಒತ್ತುತ್ತದೆ. ಇದಕ್ಕೆ ಆಯಿಯ ಉಪಾಯ ತಂಬಿಗೆ. ಕೆಳಗಿನ ಹಾಸನ್ನು ನೆಲಕ್ಕೆ ಹಾಸಿ, ನಾಲ್ಕೂ ಮೂಲೆಗೆ ಭಾರ ಇಡಬೇಕು. ಆಕೆ ಇಡುತ್ತಿದ್ದದ್ದು ಒಳಕಲ್ಲಿನ ಗುಂಡು, ಕಾಳು ಅಳೆಯುವ ಎರಡು ಸೇರು, ಒಂದು ಕಬ್ಬಿಣದ ಹಂಚು. ಬೆರಳ ತುದಿಯಿಂದ ನೀರು ಚಿಮುಕಿಸಬೇಕು, ರಂಗೋಲಿಗೆ ಮುಂಚೆ ಅಂಗಳಕ್ಕೆ ಚಿಮುಕಿಸುತ್ತೀರಲ್ಲ, ಅದರ ಕಾಲು ಭಾಗ. ಒಂದು ಪದರ ಹಾಸಿ, ನಡುವಿನಿಂದ ಹೊರಗೆ ಅಂಗೈಯಿಂದ ಸವರಬೇಕು. ಆಮೇಲೆ ತಾಮ್ರದ ತಂಬಿಗೆಗೆ ಬಿಸಿನೀರು ತುಂಬಿ, ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿ, ನೆಟ್ಟಗೆ ಹಿಡಿದು, ಅದರ ತಳದಿಂದ ಮತ್ತೆ ನಡುವಿನಿಂದ ಹೊರಗೇ ತೀಡಬೇಕು. ಒಳಗೆ ತೀಡಿದಿರೋ, ಮಾಡಿದ್ದೆಲ್ಲ ನೀರಲ್ಲಿ ಹೋಮ. ಪದರ ಪದರಕ್ಕೂ ಹೀಗೇ. ನೀರು ಆರಿದರೆ ಬದಲಿಸಿ. (ತಂಬಿಗೆಯ ತಳ ಕನ್ನಡಿ ಹಾಗೆ ನುಣುಪಿರಬೇಕು. ಅದಕ್ಕೇ ಹೇಳುವುದು, ತಾಮ್ರಕ್ಕೆ ಸ್ಟೀಲ್ ಜುಂಗು ಹಾಕಿ ಗೀರಬೇಡಿ, ಹುಣಸೆಹಣ್ಣು ಉಪ್ಪು ಹಚ್ಚಿ ಬೆರಳಿಂದ ತಿಕ್ಕಿದರೆ ಸಾಕು. ನಿಮಗೆ ಅಷ್ಟೂ ಪುರುಸೊತ್ತಿಲ್ಲ.)

ಎಲ್ಲ ಪದರ ಕೂತ ಮೇಲೆ ಕೌದಿಯ ಹೊಕ್ಕಳು ಹಿಡಿಯಬೇಕು. ನಟ್ಟನಡುವೆ ಸೂಜಿ ಚುಚ್ಚಿ, ಅಲ್ಲಿಂದ ನಾಲ್ಕು ಮೂಲೆಗೂ ಉದ್ದುದ್ದ ಕಚ್ಚಾ ಹೊಲಿಗೆ. ಒಂದು ರಾತ್ರಿ ಹಾಗೇ ಬಿಡಿ, ತೇವ ಆರಲಿ. ಬೆಳಿಗ್ಗೆ ಅಂಚು ಶುರು ಮಾಡಿ. ಒಂದು ಜೋಳದ ಕಾಳಿನಷ್ಟು ಮೇಲೆ, ಒಂದು ಕಾಳಿನಷ್ಟು ಕೆಳಗೆ. ದಾರ ಮೊಳಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಸಾಕು. "ಮೈಗಳ್ಳಿಗೆ ಮಾರುದ್ದ ದಾರ" ಅಂತ ಆಯಿ ನನ್ನ ಕೈಯಿಂದ ಕಸಿದು ಹಲ್ಲಲ್ಲೇ ಕಡಿದದ್ದುಂಟು. ನನ್ನ ಮೊದಲ ಸಾಲು ನೋಡಿ ಅಂದದ್ದು ಇನ್ನೂ ಕಿವಿಯಲ್ಲಿದೆ: "ಏನವಾ, ದೊಡ್ಡಬಸಪ್ಪನ ಗುಡಿ ಗ್ವಾಡಿ ಕಟ್ಟಾಕತ್ತೀಯೇನು?" ಡಂಬಳದ ಆ ಗುಡಿ ನೋಡಿದವರಿಗೆ ಗೊತ್ತು, 24 ಮೂಲೆಯ ನಕ್ಷತ್ರದ ಹಾಗೆ ಅದರ ಗೋಡೆ ಹೊರಗೆ ಒಳಗೆ ಮುರಿಯುತ್ತಾ ಹೋಗುತ್ತದೆ. ಗುಡಿಗೆ ಅದು ಚಂದ, ಕೌದಿಗಲ್ಲ. ಮೂರು ಸಲ ಬಿಚ್ಚಿಸಿದಳು. ನಾಲ್ಕನೇ ಸಲ ಏನೂ ಅನ್ನದೆ ನಶ್ಯ ಏರಿಸಿಕೊಂಡಳು. ಅದೇ ಆಕೆಯ ಶಭಾಷ್.

ಕೊನೆಯ ಗೇಣು ಹೊಲಿಯುವ ಮುಂಚೆ ಆಯಿ ಒಂದು ಚೂರು ರೊಟ್ಟಿ, ಚಿಟಿಕೆ ಸಕ್ಕರೆ ಒಳಗಿಟ್ಟು ಮುಚ್ಚುತ್ತಿದ್ದಳು. ಕೌದಿ ಹಸಿದಿರಬಾರದಂತೆ. ಇರುವೆ ಬರುತ್ತದೆ ಅಂದರೆ, "ಅವೂ ಉಣ್ಣಲಿ" ಅನ್ನುತ್ತಿದ್ದಳು. ನಾನು ಸಕ್ಕರೆ ಬಿಟ್ಟು, ಖಡಕ್ ರೊಟ್ಟಿಯ ಉಗುರಿನಷ್ಟು ಚೂರು ಇಡುತ್ತೇನೆ.

ಆಕೆ ಹೋದಾಗ ಪೆಟ್ಟಿಗೆಯಲ್ಲಿ ಏಳು ಸೀರೆ ಇದ್ದವು. ನಾಲ್ಕರಲ್ಲಿ ಎರಡು ಕೌದಿ ಹೊಲಿದೆ. ಒಂದು ತಮ್ಮನ ಮನೆಯಲ್ಲಿದೆ, ಒಂದು ನಾನು ಹೊದೆಯುತ್ತೇನೆ. ಪೆಟ್ಟಿಗೆಯಲ್ಲಿ ಇಟ್ಟು ಪೂಜೆ ಮಾಡುವುದಿಲ್ಲ, ಹೊದೆಯುತ್ತೇನೆ. ಒಂದು ಕಡೆ ನಶ್ಯದ ಕಲೆ ಇದೆ, ಅಂಟವಾಳದ ನೊರೆಗೂ ಹೋಗಿಲ್ಲ, ಹೋಗಲಿ ಅಂತ ತಿಕ್ಕಿಯೂ ಇಲ್ಲ. ದಸರಾಕ್ಕೆ ಮುಂಚೆ ಆಯಿ ಎಲ್ಲ ಕೌದಿ ಗಾಡಿಗೆ ಹೇರಿಸಿ ಕೆರೆಗೆ ಹೋಗುತ್ತಿದ್ದಳು. ನನಗೀಗ ಮಾಳಿಗೆಯ ಮೇಲಿನ ನಲ್ಲಿಯೇ ಕೆರೆ. ಕಾಲಿಂದ ತುಳಿದು ಒಗೆಯಬೇಕು. ಹಿಂಡುವುದಕ್ಕೆ ಎರಡು ತುದಿ ಹಿಡಿಯಲು ಇಬ್ಬರು ಬೇಕೇ ಬೇಕು. ಮೊಮ್ಮಗಳಿಗೆ ಈಗಲೇ ಹೇಳಿಟ್ಟಿದ್ದೇನೆ, ಬೆಂಗಳೂರಿನಿಂದ ಎರಡು ದಿನ ಮೊದಲೇ ಬಾ, ಉಗುರು ಕತ್ತರಿಸಿಕೊಂಡು ಬಾ.