ಅಂಗೈ ಬೆವರುವ ಸಿಸ್ಟರ್‌ಗಳಿಗೆ, ಇನ್ನೊಬ್ಬ ಸಿಸ್ಟರ್ ಹೇಳುವ ಮಾತು

ನನ್ನ ಅಂಗೈ ಹನ್ನೆರಡನೇ ವಯಸ್ಸಿನಿಂದ ಬೆವರುತ್ತದೆ. ಪರೀಕ್ಷೆಯಲ್ಲಿ ಉತ್ತರಪತ್ರಿಕೆಯ ಮೇಲೆ ಕರ್ಚೀಫ್ ಹಾಸಿ, ಅದರ ಮೇಲೆ ಕೈಯಿಟ್ಟು ಬರೆದವಳು ನಾನು. ಈಗ ಮಂಗಳೂರಿನ ಆಸ್ಪತ್ರೆಯೊಂದರ ಮೆಡಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿ 11 ವರ್ಷ ಆಯಿತು. ಬೆವರು ಪೂರ್ತಿ ನಿಂತಿಲ್ಲ. ಆದರೆ ಕೆಲಸಕ್ಕೆ ಅಡ್ಡ ಬರುವುದು ತುಂಬ ಕಡಿಮೆಯಾಗಿದೆ. ನಾನು ಏನೇನು ಮಾಡಿದೆ ಅಂತ ಬರೆಯುತ್ತೇನೆ. ನಿಮ್ಮ ಕೈಯೂ ಹೀಗೇ ಇದ್ದರೆ ಉಪಯೋಗವಾಗಲಿ.

ನರ್ಸಿಂಗ್ ಓದುವಾಗ ಮೊದಲ ಸಲ ರೋಗಿಯ ರಕ್ತನಾಳಕ್ಕೆ ಸೂಜಿ ಚುಚ್ಚಿ ಐವಿ ಹಾಕಲು ನಿಂತಿದ್ದೆ. ಚಂಡಿ (ಒದ್ದೆ) ಕೈಗೆ ಗ್ಲೌಸ್ ಏರಲಿಲ್ಲ. ಬೆರಳ ಹತ್ತಿರ ಸಿಕ್ಕಿಕೊಂಡು ಹರಿಯಿತು. ಎರಡನೆಯದೂ ಹರಿಯಿತು. "ಇಷ್ಟು ಹೆದರುವವಳು ಈ ಕೆಲಸಕ್ಕೆ ಯಾಕೆ ಬಂದೆ?" ಎಂದು ಪಕ್ಕದಲ್ಲಿದ್ದವರು ರೋಗಿಯ ಎದುರಿಗೇ ಕೇಳಿದರು. ಅಲ್ಲಿಯವರೆಗೆ ನನಗೆ ಹೆದರಿಕೆ ಇರಲಿಲ್ಲ. ಆ ಮಾತು ಕೇಳಿದ ಮೇಲೆ ಶುರುವಾಯಿತು. ಈ ಅತಿ ಬೆವರಿಗೆ ಹೈಪರ್‌ಹೈಡ್ರೋಸಿಸ್ ಅನ್ನುವ ಹೆಸರಿದೆ, ಚಿಕಿತ್ಸೆ ಇದೆ ಅಂತ ಗೊತ್ತಾದದ್ದು 24ನೇ ವಯಸ್ಸಿನಲ್ಲಿ. ಚರ್ಮದ ಡಾಕ್ಟರ್ ನನ್ನ ಅಂಗೈಗೆ ಅಯೋಡಿನ್ ಹಚ್ಚಿ, ಮೇಲೆ ಸ್ಟಾರ್ಚ್ ಪುಡಿ ಉದುರಿಸಿದರು. ಬೆವರು ಬಂದ ಕಡೆಯೆಲ್ಲ ಕಪ್ಪು ನೀಲಿ ಬಣ್ಣಕ್ಕೆ ತಿರುಗಿತು. ಆ ಕೈ ನೋಡಿ ಅತ್ತುಬಿಟ್ಟೆ. ಇದು ನನ್ನ ಪುಕ್ಕಲುತನ ಅಲ್ಲ ಅನ್ನುವುದು ಕಣ್ಣಿಗೆ ಕಾಣುವ ಹಾಗೆ ಅಲ್ಲಿತ್ತು.

ಬೆವರಿನ ಗ್ರಂಥಿಗಳು ಸರಿಯಾಗಿಯೇ ಇರುತ್ತವೆ. ಅವುಗಳಿಗೆ ಹೋಗುವ ನರ ಬೇಕಾದ್ದಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ, ಅಷ್ಟೇ. ಎಷ್ಟೋ ಮನೆಗಳಲ್ಲಿ ಇದು ಒಬ್ಬರಿಗಿಂತ ಹೆಚ್ಚು ಜನರಿಗೆ ಇರುತ್ತದೆ. ನನ್ನ ಅಪ್ಪನಿಗೂ ಇತ್ತು. ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಶುರುವಾಗುತ್ತದೆ, ಎರಡೂ ಕೈಗೆ ಒಂದೇ ಸಮ ಬರುತ್ತದೆ, ನಿದ್ದೆಯಲ್ಲಿ ನಿಲ್ಲುತ್ತದೆ. ನಿಮ್ಮದು ಹಾಗಿಲ್ಲದೆ, ದೊಡ್ಡವರಾದ ಮೇಲೆ ಮೈಯೆಲ್ಲ ಬೆವರಲು ಶುರುವಾಗಿದ್ದರೆ ಮೊದಲು ಡಾಕ್ಟರ್ ಹತ್ತಿರ ಹೋಗಿ. ಥೈರಾಯ್ಡ್, ಸಕ್ಕರೆ, ಮುಟ್ಟು ನಿಲ್ಲುವ ಸಮಯ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು, ಹೀಗೆ ಕಾರಣ ಬೇರೆ ಇರಬಹುದು. ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, ಜೊತೆಗೆ ಜ್ವರ, ತೂಕ ಇಳಿಯುವುದು ಇದ್ದರೆ ಟಿಬಿಯನ್ನೂ ನೋಡಬೇಕು. ರೋಗಿಗಳಿಗೆ ದಿನಾ ಹೇಳುವ ಮಾತನ್ನು ನಾವೇ ಮರೆಯುತ್ತೇವೆ, ಅಲ್ವಾ?

ಇನ್ನು ಗ್ಲೌಸ್. ನನಗೆ ಜಾಸ್ತಿ ಕಷ್ಟ ಕೊಟ್ಟದ್ದು ಇದೇ, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಕೈ ಚಂಡಿ ಇರುವಾಗ ಹ್ಯಾಂಡ್ ರಬ್ (ಕೈಗೆ ಸವರುವ ಆಲ್ಕೋಹಾಲ್ ದ್ರಾವಣ) ಹಾಕಬೇಡಿ. ಬೆವರು ಸೇರಿ ಆಲ್ಕೋಹಾಲ್ ತೆಳುವಾಗುತ್ತದೆ. ಮೊದಲು ಟಿಶ್ಯೂವಿನಲ್ಲಿ ಅಂಗೈ ಮತ್ತು ಬೆರಳ ಸಂದಿ ಒತ್ತಿ ಒರೆಸಿ. ಉಜ್ಜಬೇಡಿ, ಉಜ್ಜಿದರೆ ಚರ್ಮ ಬಿಸಿಯಾಗುತ್ತದೆ. ಆಮೇಲೆ ಹ್ಯಾಂಡ್ ರಬ್ ಹಾಕಿ 20ರಿಂದ 30 ಸೆಕೆಂಡ್ ಎಲ್ಲ ಕಡೆ ಸವರಿ. ಅದು ತಾನಾಗಿ ಪೂರ್ತಿ ಆರಲಿ. ಆರಿದ ಆ ಕೆಲವು ಸೆಕೆಂಡ್ ಕೈ ತಂಪಾಗಿ, ಒಣಗಿ ಇರುತ್ತದೆ. ಗ್ಲೌಸ್ ಏರಿಸಬೇಕಾದದ್ದು ಆಗಲೇ. ಅದಕ್ಕೇ ನಾನು ಹ್ಯಾಂಡ್ ರಬ್ ಮುಟ್ಟುವ ಮೊದಲೇ ಎಲ್ಲ ಜೋಡಿಸಿಟ್ಟಿರುತ್ತೇನೆ. ತೋಳಿಗೆ ಬಿಗಿಯುವ ಪಟ್ಟಿ (ಟೂರ್ನಿಕೆ) ತಯಾರು, ಪ್ಲಾಸ್ಟರ್ ಕತ್ತರಿಸಿ ಟ್ರೇಯ ಅಂಚಿಗೆ ಅಂಟಿಸಿದೆ, ಐವಿ ಸೂಜಿಯ (ಕ್ಯಾನುಲಾ) ಪೊಟ್ಟಣ ಕೈಗೆಟುಕುವಲ್ಲಿ ಇದೆ. ಮೊದಲು ಗ್ಲೌಸ್ ಹಾಕಿ ಆಮೇಲೆ ಪ್ಲಾಸ್ಟರ್ ಹುಡುಕುತ್ತಿದ್ದೆ. ಅಷ್ಟರಲ್ಲಿ ಒಳಗೆ ಕೆರೆಯಾಗಿರುತ್ತಿತ್ತು.

ಸೈಜ್ ಬದಲಿಸಿ ನೋಡಿ. ನನ್ನ ಕೈಗೆ ಆರೂವರೆ ಸರಿ, ಆದರೆ ಸ್ಟೆರೈಲ್ ಗ್ಲೌಸ್ ಏಳು ತೆಗೆದುಕೊಳ್ಳುತ್ತೇನೆ. ಅರ್ಧ ಸೈಜ್ ದೊಡ್ಡದಾದರೆ ಏರಿಸುವುದು ಸುಲಭ. ಅದಕ್ಕಿಂತ ದೊಡ್ಡದು ಬೇಡ, ಬೆರಳ ತುದಿ ಸಡಿಲವಾದರೆ ರಕ್ತನಾಳ ಕೈಗೆ ಸಿಗುವುದಿಲ್ಲ. ಒಳಗೆ ಪೌಡರ್ ಹಾಕಿಕೊಳ್ಳುವ ಯೋಚನೆಯನ್ನೂ ಬಿಡಿ. ಪುಡಿ ಗಾಯಕ್ಕೆ ಬಿದ್ದರೆ ತೊಂದರೆ, ಗಾಳಿಯಲ್ಲಿ ಹಾರಿದರೆ ಉಸಿರಿಗೆ ತೊಂದರೆ. ಅಮೆರಿಕದಲ್ಲಿ ಪೌಡರ್ ಹಾಕಿದ ಗ್ಲೌಸನ್ನೇ 2017ರಿಂದ ನಿಷೇಧಿಸಿದ್ದಾರೆ.

ಒಂದೇ ಗ್ಲೌಸಿನಲ್ಲಿ ತುಂಬ ಹೊತ್ತು ಇರಬೇಡಿ. ಡ್ರೆಸ್ಸಿಂಗ್ ಉದ್ದವಾದರೆ ನಡುವೆ ಕೆಲಸ ನಿಲ್ಲಿಸಿ, ಬಿಚ್ಚಿ, ಒರೆಸಿ, ಹ್ಯಾಂಡ್ ರಬ್ ಹಾಕಿ ಹೊಸದು ಹಾಕಿ. ಬಿಚ್ಚುವಾಗ ಕೈಯನ್ನು ಕೆಳಗೆ, ಕಸದ ಬಕೆಟ್ ಮೇಲೆ ಹಿಡಿಯಿರಿ. ಒಳಗಿನ ಬೆವರು ರೋಗಿಯ ಹಾಸಿಗೆಗೆ ತೊಟ್ಟಿಕ್ಕಬಾರದು. ಇಂಜೆಕ್ಷನ್ ಔಷಧದ ಗಾಜಿನ ಆಂಪ್ಯೂಲ್ ಒಡೆಯುವಾಗ ಸುತ್ತ ಡ್ರೆಸ್ಸಿಂಗಿನ ಬಟ್ಟೆ ಹಿಡಿದುಕೊಳ್ಳಿ. ಎಲ್ಲರಿಗೂ ಇದು ಒಳ್ಳೆಯ ಅಭ್ಯಾಸ, ನಮಗಂತೂ ಬೇಕೇ ಬೇಕು. ನನ್ನ ಎಡ ಹೆಬ್ಬೆರಳಿನ ಗಾಯದ ಗೆರೆ ಅದನ್ನು ಕಲಿಸಿದೆ.

ಡ್ಯೂಟಿ ಮುಗಿದ ಮೇಲೆ ಕೈ ತೊಳೆದು, ಒಣಗಿಸಿ, ಮಾಯಿಶ್ಚರೈಸರ್ ಹಚ್ಚಿ. ಬೆವರು, ಸೋಪು, ಗ್ಲೌಸ್ ಮೂರೂ ಸೇರಿದರೆ ಚರ್ಮ ಒಡೆಯುತ್ತದೆ. ಡ್ಯೂಟಿಯ ಮಧ್ಯೆ ವ್ಯಾಸಲಿನ್‌ನಂಥ ಜಿಡ್ಡು ಹಚ್ಚಬೇಡಿ, ಅದು ಲೇಟೆಕ್ಸ್ ಗ್ಲೌಸನ್ನು ಹಾಳು ಮಾಡುತ್ತದೆ.

ಚಿಕಿತ್ಸೆಯ ವಿಷಯ. ನಾನು ಶುರು ಮಾಡಿದ್ದು ಅಲ್ಯುಮಿನಿಯಂ ಕ್ಲೋರೈಡ್ ಲೋಷನ್‌ನಿಂದ, 20 ಶೇಕಡಾದ್ದು. ಮೊದಲ ರಾತ್ರಿ ಸ್ನಾನ ಮಾಡಿ ಬಂದು ಹಸಿ ಕೈಗೇ ಹಚ್ಚಿದೆ. ಉರಿಯೋ ಉರಿ. ನೀರು ತಾಗಿದರೆ ಅದು ಆಮ್ಲವಾಗುತ್ತದೆ ಅಂತ ಆಮೇಲೆ ಡಾಕ್ಟರ್ ಹೇಳಿದರು. ಸರಿಯಾದ ಕ್ರಮ ಹೀಗೆ: ಊಟ, ಪಾತ್ರೆ ಎಲ್ಲ ಮುಗಿಸಿ, ಫ್ಯಾನಿನ ಕೆಳಗೆ ಕೈ ಪೂರ್ತಿ ಒಣಗಿಸಿ, ಮಲಗುವ ಹೊತ್ತಿಗೆ ತೆಳ್ಳಗೆ ಹಚ್ಚಬೇಕು. ಬೆಳಗ್ಗೆ ತೊಳೆಯಬೇಕು. ಗುಣ ಕಾಣುವವರೆಗೆ ದಿನಾ, ಆಮೇಲೆ ವಾರಕ್ಕೆ ಒಂದೋ ಎರಡೋ ಸಲ. ಕೈಯಲ್ಲಿ ಗಾಯ ಇದ್ದರೆ ಬೇಡ. ಕಂಕುಳಿಗೆ ಹಚ್ಚುವುದಾದರೆ ಕೂದಲು ತೆಗೆದ ದಿನ ಬೇಡ. ನೈಟ್ ಡ್ಯೂಟಿ ಇದ್ದಾಗ ಬೆಳಗ್ಗೆ ಬಂದು ಮಲಗುವ ಮುಂಚೆ ಹಚ್ಚಿ. ನಿದ್ದೆಯಲ್ಲಿ ಬೆವರು ನಿಲ್ಲುವುದರಿಂದ ಔಷಧ ಒಳಗೆ ಉಳಿಯುತ್ತದೆ.

ಅಂಗೈಗೆ ಅದು ಅರ್ಧ ಮಾತ್ರ ಗುಣ ಕೊಟ್ಟಿತು. ನನಗೆ ನಿಜವಾಗಿ ದಾರಿ ತೋರಿಸಿದ್ದು ಅಯಾಂಟೋಫೋರೆಸಿಸ್. ಎರಡು ತಟ್ಟೆಯಲ್ಲಿ ನೀರು, ಅದರೊಳಗೆ ಕೈ, ಸಣ್ಣ ಪ್ರಮಾಣದ ಕರೆಂಟ್. ಒಂದು ಸಲಕ್ಕೆ 20 ನಿಮಿಷ. ಶುರುವಿನಲ್ಲಿ ವಾರಕ್ಕೆ ಮೂರು ಸಲ ಹೋಗುತ್ತಿದ್ದೆ, ನಾಲ್ಕನೇ ವಾರದಲ್ಲಿ ಪೆನ್ನು ಜಾರುವುದು ನಿಂತಿತು. ಈಗ ಎರಡು ವಾರಕ್ಕೊಮ್ಮೆ. ಉಂಗುರ, ಬಳೆ ತೆಗೆದಿಡಬೇಕು. ಸಣ್ಣ ಗಾಯ ಇದ್ದರೆ ಅದರ ಮೇಲೆ ವ್ಯಾಸಲಿನ್ ಹಚ್ಚಿಕೊಳ್ಳಬೇಕು. ಗರ್ಭಿಣಿಯರಿಗೆ, ಪೇಸ್‌ಮೇಕರ್ ಇದ್ದವರಿಗೆ ಇದು ಆಗದು. ಬಿಟ್ಟರೆ ಬೆವರು ವಾಪಸ್ ಬರುತ್ತದೆ, ಅದನ್ನು ತಿಳಿದೇ ಶುರು ಮಾಡಿ.

ಆಪರೇಷನ್ ಥಿಯೇಟರಿನಲ್ಲಿ ನೋಡುವ ಗ್ಲೈಕೊಪೈರೊಲೇಟ್ ಅನ್ನುವ ಔಷಧ ಮಾತ್ರೆಯಾಗಿಯೂ ಬೆವರಿಗೆ ಬಳಕೆಯಲ್ಲಿದೆ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ, ಮೂತ್ರ ಕಟ್ಟಬಹುದು. ಮುಖ್ಯವಾಗಿ ಮೈ ಬೆವರುವುದೇ ಕಮ್ಮಿಯಾದರೆ ನಮ್ಮ ಏಪ್ರಿಲ್ ಸೆಕೆಯಲ್ಲಿ ದೇಹ ತಂಪಾಗುವುದು ಹೇಗೆ? ಡಾಕ್ಟರ್ ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಿ. ಔಷಧದ ಕಪಾಟು ಕೈಗೆ ಸಿಗುತ್ತದೆ ಅಂತ ಸ್ವಂತ ಪ್ರಯೋಗ ಖಂಡಿತ ಬೇಡ. ಬೊಟಾಕ್ಸ್ ಇಂಜೆಕ್ಷನ್ ಕಂಕುಳಿಗೆ ಒಳ್ಳೆಯದು, ಕೆಲವು ತಿಂಗಳು ಬರುತ್ತದೆ. ಅಂಗೈಗಾದರೆ ತುಂಬ ಚುಚ್ಚಬೇಕು, ನೋವೂ ಜಾಸ್ತಿ. ಸ್ವಲ್ಪ ದಿನ ಬೆರಳಿನ ಹಿಡಿತ ಸಡಿಲವಾಗಬಹುದು, ಆ ಹಿಡಿತ ಇಲ್ಲದೆ ನಾವು ಕೆಲಸ ಮಾಡಲಾಗದು. ನರ ಕತ್ತರಿಸುವ ಆಪರೇಷನ್ ನಾನು ಬೇಡ ಅಂದೆ. ಕೈ ಒಣಗಿ, ಬೆನ್ನು ಹೊಟ್ಟೆ ಬೆವರಲು ಶುರುವಾದರೆ ಅದನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ.

ಮೈ ಬೆವರು ಬೇರೆ ಕಥೆ. ನಾನು ಮೂಲ್ಕಿಯಿಂದ ಬರುವವಳು. ಸರ್ವಿಸ್ ಬಸ್ಸಿನಲ್ಲಿ ನಿಂತು ಬಂದರೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಇಳಿಯುವಾಗ ಬೆನ್ನು ತೊಯ್ದಿರುತ್ತದೆ. ಕಡಲ ತೀರದ ಗಾಳಿಯಲ್ಲಿ ಮೊದಲೇ ನೀರಿನ ಅಂಶ ಜಾಸ್ತಿ, ಬೆವರು ಆರುವುದೇ ಇಲ್ಲ. ಅದಕ್ಕೆ ಒಂದು ಬಸ್ಸು ಮೊದಲೇ ಹತ್ತಿ, ಬೇರೆ ಬಟ್ಟೆಯಲ್ಲಿ ಬಂದು, ಒದ್ದೆ ಬೈರಾಸಿನಲ್ಲಿ (ಟವೆಲ್) ಕುತ್ತಿಗೆ, ಕಂಕುಳು ಒರೆಸಿ, ಹತ್ತು ನಿಮಿಷ ಫ್ಯಾನಿನ ಕೆಳಗೆ ಕುಳಿತು, ಆಮೇಲೆ ಯೂನಿಫಾರ್ಮ್ ಹಾಕುತ್ತೇನೆ. ಒಳಗೆ ಹತ್ತಿ ಸ್ಲಿಪ್. ಬ್ಯಾಗಿನಲ್ಲಿ ಇನ್ನೊಂದು ಸ್ಲಿಪ್, ಇನ್ನೊಂದು ಜೊತೆ ಸಾಕ್ಸ್. ಊಟದ ಹೊತ್ತಿಗೆ ಸಾಕ್ಸ್ ಬದಲಿಸಿದರೆ ಬೆರಳ ಸಂದಿಯ ಹುಣ್ಣು ಬಹಳ ಕಮ್ಮಿ. ಆಟಿ ತಿಂಗಳ ಮಳೆಯಲ್ಲಿ ಬಟ್ಟೆ ಮೂರು ದಿನವಾದರೂ ಒಣಗದು. ಆಗ ಇಸ್ತ್ರಿ ಹಾಕಿ ಒಣಗಿಸಿಕೊಳ್ಳಿ. ಅರೆಚಂಡಿ ಯೂನಿಫಾರ್ಮ್ ಹಾಕಿಕೊಂಡರೆ ತೊಡೆಸಂದಿಗೆ ಫಂಗಸ್ ಬರುತ್ತದೆ. ಕುಡಿಯಲು ನೀರು, ಮಜ್ಜಿಗೆ, ಬೊಂಡ (ಎಳನೀರು), ಯಾವುದು ಸಿಕ್ಕಿದರೂ ಸರಿ. ಬೆವರು ಬರುತ್ತದೆಂದು ನೀರು ಕುಡಿಯದೆ ಇರುವವರನ್ನು ಕಂಡಿದ್ದೇನೆ, ಹಾಗೆ ಮಾಡಬೇಡಿ.

ರೋಗಿಗಳಿಗೆ ನೇರವಾಗಿ ಹೇಳಿ. ಬಿಪಿ ನೋಡುವಾಗ ಒಬ್ಬರು ಅಜ್ಜಿ "ಕೈ ದಾಯೆ ಚಂಡಿ?" (ಕೈ ಯಾಕೆ ಒದ್ದೆ?) ಎಂದು ತುಳುವಿನಲ್ಲಿ ಕೇಳಿದರು. "ನನಗೆ ಚಿಕ್ಕಂದಿನಿಂದ ಹೀಗೇ ಅಜ್ಜಿ, ಈಗಷ್ಟೇ ತೊಳೆದದ್ದು" ಅಂದೆ. ಅವರು ನನ್ನ ಕೈಯನ್ನು ತಮ್ಮ ಸೆರಗಿನಲ್ಲಿ ಒರೆಸಿದರು. ಆಮೇಲೆ ಮತ್ತೆ ಹ್ಯಾಂಡ್ ರಬ್ ಹಾಕಬೇಕಾಯಿತು, ಆದರೆ ಆ ದಿನವಿಡೀ ಮನಸ್ಸು ಹಗುರವಾಗಿತ್ತು. ಬೆರಳಚ್ಚಿನ ಹಾಜರಿ ಯಂತ್ರ ನಿಮ್ಮ ಬೆರಳನ್ನು ಓದದಿದ್ದರೆ ಆಫೀಸಿಗೆ ಡಾಕ್ಟರ್ ಚೀಟಿ ಕೊಟ್ಟು, ಕಾರ್ಡ್ ಅಥವಾ ಸಹಿಗೆ ಕೇಳಿ.

ಇನ್‌ಚಾರ್ಜ್ ಸಿಸ್ಟರ್‌ಗಳು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ವಾರ್ಡಿಗೆ ಬಂದ ವಿದ್ಯಾರ್ಥಿನಿಯ ಗ್ಲೌಸ್ ಏರದಿದ್ದರೆ ಅವಳನ್ನು ಸ್ವಲ್ಪ ಪಕ್ಕಕ್ಕೆ ಕರೆದುಕೊಂಡು ಹೋಗಿ ಕೈ ನೋಡಿ. ಡ್ರೆಸ್ಸಿಂಗ್ ಟ್ರಾಲಿಯ ಮೇಲೆ ಒಂದು ಟಿಶ್ಯೂ ಪೆಟ್ಟಿಗೆ ಇಡಿಸಿ. ಅವಳ ಕೈ ಒಣಗುವವರೆಗೆ ಒಂದು ನಿಮಿಷ ಕಾಯಿರಿ.